ಗಂಟಲು ಕಟ್ಟಿತು, ಸಂಬಳ ಕಟ್ಟಾಗಲಿಲ್ಲ

ಪ್ರೀತಿಯ ಅಕ್ಕ,

ಫೋನ್ ಎತ್ತುತ್ತಿಲ್ಲವೆಂದು ಗಾಬರಿಯಾಗಬೇಡ. ನಾನು ಚೆನ್ನಾಗಿದ್ದೇನೆ, ದನಿ ಮಾತ್ರ ಹೋಗಿದೆ. ನಿನಗೆ ಮೆಸೇಜ್ ನೋಡುವ ಅಭ್ಯಾಸವಿಲ್ಲ, ಅದಕ್ಕೇ ಈ ಕಾರ್ಡು.

ದಿನಕ್ಕೆ ನೂರಿಪ್ಪತ್ತು ಕರೆ ತೆಗೆದುಕೊಂಡು ಗಂಟಲು ಕಟ್ಟಿತು. ಹತ್ತು ದಿನ ತುಟಿ ಪಿಟಕ್ಕೆನ್ನಬಾರದು ಎಂದು ಡಾಕ್ಟರು ಚೀಟಿ ಬರೆದರು. ಕಾಲ್ ಸೆಂಟರಿನವಳಿಗೆ ಮಾತೇ ಹೊರಡದಿದ್ದರೆ ಹೇಗೆ? ಚೀಟಿ ನೋಡಿದ ಸೂಪರ್‌ವೈಸರ್, "ಹತ್ತು ದಿನದ ಸಂಬಳ ಕಟ್ ಆಗುತ್ತಮ್ಮ, ನಾನೇನು ಮಾಡ್ಲಿ?" ಎಂದರು. ಉತ್ತರ ಕೊಡೋಣವೆಂದರೆ ನನ್ನ ಬಾಯಿಂದ ಬರೀ ಗಾಳಿ.

ಆಗ ಪಕ್ಕದ ಸೀಟಿನ ಹುಡುಗಿ, ನಾವೆಲ್ಲ ಗುಬ್ಬಿ ಎಂದು ಕರೆಯುವವಳು, ಎದ್ದು ಬಂದಳು. "ಇವರ ದನಿ ಮನೇಲಿ ಜಗಳ ಆಡಿ ಹೋಗಿದ್ದಲ್ಲ ಸಾರ್, ಇಲ್ಲೇ ಹೋಗಿದ್ದು. ಮೇಜಿನ ಮೇಲೆ ನೀರಿನ ಬಾಟ್ಲಿ ಇಡೋಕೂ ಬಿಡಲ್ಲ ನೀವು. ನಾಳೆ ನಮ್ದೂ ಇದೇ ಗತಿ" ಎಂದಳು. ನಮ್ಮ ಸಾಲಿನ ಹನ್ನೊಂದು ಜನವೂ ಹೆಡ್‌ಫೋನ್ ತೆಗೆದಿಟ್ಟು ಎದ್ದು ನಿಂತರು. ಇಲ್ಲಿಗೆ ಬಂದ ಎಂಟು ತಿಂಗಳಲ್ಲಿ ಆ ಸಾಲು ಅಷ್ಟು ಸುಮ್ಮನಿದ್ದುದನ್ನು ನಾನು ಕಂಡಿರಲಿಲ್ಲ.

ಸೂಪರ್‌ವೈಸರ್ ಬೆವರೊರೆಸಿಕೊಂಡು ಮ್ಯಾನೇಜರ್ ಹತ್ತಿರ ಓಡಿದರು. ಈಗ ಗ್ರಾಹಕರ ಮೆಸೇಜಿಗೆ ಟೈಪ್ ಮಾಡಿ ಉತ್ತರಿಸುವುದು ನನ್ನ ಕೆಲಸ, ಸಂಬಳ ಮೊದಲಿನಷ್ಟೇ. ಎಲ್ಲರ ಮೇಜಿಗೂ ನೀರು ಬಂದಿದೆ. ಅಮ್ಮನ ಮಾತ್ರೆಗೆ ದುಡ್ಡು ಎಂದಿನಂತೆ ಸೋಮವಾರ ಕಳಿಸುತ್ತೇನೆ.

ಒಂದೆರಡು ಮಾತು ಆಡಬಹುದು ಎಂದು ಡಾಕ್ಟರು ನಿನ್ನೆ ಹೇಳಿದರು. ನೆಟ್ಟಗೆ ಗುಬ್ಬಿಯ ಹತ್ತಿರ ಹೋಗಿ "ಥ್ಯಾಂಕ್ಸ್ ಕಣೇ" ಎಂದೆ. ಕಪ್ಪೆ ವಟಗುಟ್ಟಿದಂತಾಯಿತು. ಅವಳು ಬಿದ್ದು ಬಿದ್ದು ನಕ್ಕಳು, ನಾನು ಅತ್ತೇಬಿಟ್ಟೆ.

ಕಾರ್ಡೂ ಮುಗಿಯಿತು, ಊಟದ ಬಿಡುವೂ ಮುಗಿಯಿತು.

ನಿನ್ನ ತಂಗಿ