ಆರೋಗ್ಯವಂತರ ಪಟ್ಟಿಯ ಇಬ್ಬರು

ಅಡಿಲೇಡ್,
14 ಆಗಸ್ಟ್ 2023

ಮುದ್ದಿನ ತಂಗಿ ಮಾರೀತ್ಸಾ,

ನಿನ್ನ ಎರಡು ಪತ್ರಕ್ಕೂ ಉತ್ತರ ಬರೆಯಲಿಲ್ಲ, ಕ್ಷಮಿಸು. ಸೋಮಾರಿತನವಲ್ಲ, ಹೆದರಿಕೆ. ನನ್ನ ದನಿಯಲ್ಲೇ ನೀನು ಹಿಡಿದುಬಿಡುತ್ತೀಯ ಎಂದು ಫೋನೂ ಮಾಡಲಿಲ್ಲ. ಪೋರ್ಟ್ ಲಿಂಕನ್‌ನಲ್ಲಿ ಎಲ್ಲರೂ ಕ್ಷೇಮ ತಾನೆ? ನಿನ್ನ ಮಗಳು ಇವ್ಕಾಳಿಗೆ ಬಸುರಿನ ವಾಂತಿ ನಿಂತಿತೇ?

ನನ್ನ ಕೆಲಸ ನಿನಗೆ ಗೊತ್ತು. ಕೈಕಾಲಿನ ಬಲ ಕುಂದಿಸಿ ಕೊನೆಗೆ ಉಸಿರನ್ನೇ ನಿಲ್ಲಿಸುವ ಆ ನರರೋಗದವರ ವಿವರಗಳನ್ನು ಹೆಸರು ತೆಗೆದು, ನಂಬರು ಕೊಟ್ಟು, ಹತ್ತಾರು ಊರಿನ ಸಂಶೋಧಕರು ಬಳಸುವ ಒಂದೇ ಮಾಹಿತಿ ಕಣಜಕ್ಕೆ ಸುರಿಯುವುದು. ಯಾವ ನಂಬರು ಯಾರದೆಂಬ ಕಡತ ನನ್ನ ವಶದಲ್ಲಿದೆ. ಹೋಲಿಸಿ ನೋಡಲು ಆರೋಗ್ಯವಂತರ ರಕ್ತವೂ ಬೇಕಲ್ಲ. ಆರು ವರ್ಷದ ಹಿಂದೆ ಜನ ಸಾಲದೆ ನಾನೇ ತೋಳು ಚಾಚಿದೆ, ಈಸ್ಟರ್‌ಗೆ ಬಂದಿದ್ದ ನಿನ್ನನ್ನೂ ಎಳೆದುಕೊಂಡು ಹೋದೆ. "ಇಷ್ಟು ರಕ್ತ ಹೀರಿ ಬರೀ ಒಂದು ಬಿಸ್ಕತ್ತಾ? ಜಿಪುಣಿ!" ಎಂದು ಬೈದಿದ್ದೆ ನೀನು. 'ಮನೆತನದಲ್ಲಿ ಯಾರಿಗಾದರೂ ಈ ರೋಗವಿತ್ತೇ' ಎಂಬಲ್ಲಿ ಇಬ್ಬರ ಪರವಾಗಿಯೂ ನಾನೇ 'ಇಲ್ಲ' ಎಂದು ಬರೆದೆ. ಅಪ್ಪನ ಕೈಯಿಂದ ಗಾಳ ಜಾರಿದಾಗ, ಮಾತು ತೊದಲಿದಾಗ, ಅವನ ಟ್ಯೂನಾ ಮೀನಿನ ದೋಣಿಯವರೆಲ್ಲ "ಕುಡಿತ ಕಣಮ್ಮಾ, ಇನ್ನೇನು?" ಅಂದಿದ್ದರು. ನಾವೂ ನಂಬಿದ್ದೆವು. ದೀಪದ ಬುಡದಲ್ಲೇ ಕತ್ತಲೆ ನೋಡು.

ಕಳೆದ ತಿಂಗಳು ಕಣಜ ತಪಾಸಣೆಯ ತಂಡದಿಂದ ಪತ್ರ ಬಂತು: ಆರೋಗ್ಯವಂತರ ಪಟ್ಟಿಯಲ್ಲಿ ಒಂದೇ ಒಂದು ಜೋಡಿ ಒಡಹುಟ್ಟಿದವರಿದ್ದಾರೆ, ಅವರಲ್ಲೊಬ್ಬರಿಗೆ ರೋಗದ ಜೀನ್ ಇದೆ. ಯಾರಿಗೆಂದು ನಂಬರಷ್ಟೇ ಕೊಟ್ಟಿದ್ದರು. ನಮ್ಮ ಡಾಕ್ಟರ್ ಗ್ರೆಗರ್ ಕಾಫಿ ಹೀರುತ್ತ, "ಎರಡು ನಂಬರ್ ತಾನೆ ನೇವಾ, ತೆಗೆದ್ಹಾಕಿ, ಮುಂದಿನ ಕೆಲಸ ನೋಡಿ" ಅಂದರು. ಆ ಜೋಡಿ ನಾವಿಬ್ಬರೇ, ಮಾರೀ.

ಫಲಿತಾಂಶ ತಿಳಿಸುವುದಿಲ್ಲ ಎಂಬ ಕರಾರಿಗೆ ನಾವಿಬ್ಬರೂ ಸಹಿ ಹಾಕಿದ್ದೇವೆ. ಕಡತ ನನ್ನ ವಶದಲ್ಲಿದ್ದರೂ ನಮಗಾಗಿ ತೆರೆಯುವ ಹಕ್ಕು ನನಗಿಲ್ಲ, ತೆರೆದೂ ಇಲ್ಲ. ನಿನಗೆ ತಿಳಿಯಬೇಕೆನಿಸಿದರೆ ಹೇಳು, ಒಟ್ಟಿಗೇ ಹೋಗಿ ಹೊಸದಾಗಿ ಪರೀಕ್ಷೆ ಮಾಡಿಸೋಣ. ಬೇಡವೆಂದರೆ ಬೇಡ. ಜೀನ್ ಇದ್ದವರಿಗೆಲ್ಲ ರೋಗ ಬಂದೇ ತೀರಬೇಕೆಂದಿಲ್ಲ. ಆದರೂ ಭಯ ಕಣೇ.

ಮಾತೆ ಮರಿಯಮ್ಮ ನಿನ್ನನ್ನೂ ಇವ್ಕಾಳನ್ನೂ ಹುಟ್ಟಲಿರುವ ಕೂಸನ್ನೂ ಕಾಯಲಿ.

ನಿನ್ನ ಅಕ್ಕ,
ನೇವೆಂಕಾ

ತಾ.ಕ.: ತೆರೆದಿಲ್ಲ ಎಂದದ್ದು ಸುಳ್ಳು, ಮಾರೀ. ಹೋದ ಗುರುವಾರ ತೆರೆದೆ. ಆ ನಂಬರು ನನ್ನದಲ್ಲವೆಂದು ನೋಡಿ "ಸದ್ಯ, ದೇವರು ದೊಡ್ಡವನು" ಎಂದು ಜೋರಾಗಿಯೇ ಅಂದುಬಿಟ್ಟೆ. ನಿನ್ನ ನೆನಪಾದದ್ದು ಆಮೇಲೆ.