ಆಷಾಢ ಮುಗಿದು ಎಷ್ಟು ದಿನವಾಯಿತು?

ರೊಳ್ಳ
30 ಆಗಸ್ಟ್ 2025

ಪ್ರೀತಿಯ (ಸಿಟ್ಟಿದ್ದರೂ ಹಾಗೆಯೇ ಬರೆಯುತ್ತೇನೆ) ರಘುನಾಥ್ ಅವರಿಗೆ,

ಹೇಗಿದ್ದೀರಿ? ಮಾತ್ರೆ ಒಂದು ದಿನವೂ ತಪ್ಪಿಸಿಲ್ಲ ತಾನೆ? ಅತ್ತೆಯ ಮಂಡಿನೋವು ಹೇಗಿದೆ? ನಾನು ಚೆನ್ನಾಗಿದ್ದೇನೆ, ಸಿಟ್ಟೊಂದು ಬಿಟ್ಟರೆ. ಫೋನಿನಲ್ಲಿ ನನ್ನನ್ನು ಕರೆದೊಯ್ಯುವ ಮಾತೆತ್ತಿದರೆ ಸಾಕು, "ಮಷೀನ್ ಸದ್ದೈತಿ, ಕೇಳಸವಲ್ದು" ಎಂದು ಇಟ್ಟುಬಿಡುತ್ತೀರಿ. ಜೀನ್ಸ್ ಹೊಲಿಯುವವರಿಗೆ ಊಟದ ಹೊತ್ತಿನಲ್ಲೂ ಮಷೀನ್ ಓಡುತ್ತದೆಯೇ? ಅದಕ್ಕೇ ಈ ಕಾಗದ.

ಹೊಸ ಸೊಸೆ ಆಷಾಢಕ್ಕೆ ತವರಿಗೆ ಹೋಗಬೇಕು ಎಂದು ನೀವೇ ರಾಯದುರ್ಗದಲ್ಲಿ ಬಸ್ಸು ಹತ್ತಿಸಿದಿರಿ. ಶ್ರಾವಣ ಹೋಯಿತು, ಗೌರಿ ಹಬ್ಬವೂ ಹೋಯಿತು, ಕರೆದುಕೊಂಡು ಹೋಗಲು ನೀವು ಬರಲಿಲ್ಲ. ಪಕ್ಕದ ಮನೆಯ ದ್ರಾಕ್ಷಾಯಣಮ್ಮ ನೀರಿಗೆ ಬಂದಾಗಲೆಲ್ಲ "ಏನಮ್ಮೀ, ಇನ್ನೂ ಇಲ್ಲೇ ಇದೀಯ?" ಎನ್ನುತ್ತಾರೆ. ಅಪ್ಪ ಹಿರಿಯರನ್ನು ಕಟ್ಟಿಕೊಂಡು ನಿಮ್ಮ ಮನೆಗೆ ನ್ಯಾಯ ಕೇಳಲು ಹೊರಟಿದ್ದಾರೆ. ನಾಲ್ಕು ಜನರ ಮುಂದೆ ಕಾರಣ ಕೇಳಿದರೆ ಏನು ಹೇಳುತ್ತೀರಿ? ನಾನಂತೂ ಇಲ್ಲಿ ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ.

ಕಾರಣ ನನಗೆ ಗೊತ್ತು. ನಿಮಗೆ ಎಚ್‌ಐವಿ ಇದೆ, ನನಗಿಲ್ಲ. ಮದುವೆಗೆ ಮುಂಚೆ ಹೇಮಾವತಿಯ ಗುಡಿಯ ಹತ್ತಿರ ಕೂರಿಸಿ ನೀವೇ ಹೇಳಿದಿರಿ. ಹೇಗೆ ಬಂತೆಂದು ಅಂದೂ ಕೇಳಲಿಲ್ಲ, ಇಂದೂ ಕೇಳುವುದಿಲ್ಲ. ತಿಳಿದೇ ತಾಳಿ ಕಟ್ಟಿಸಿಕೊಂಡವಳು ನಾನು. ಆಸ್ಪತ್ರೆಗೆ ಇಬ್ಬರೂ ಹೋದೆವು. ವರ್ಷದಿಂದ ಪರೀಕ್ಷೆಯಲ್ಲಿ ವೈರಸ್ ಕಾಣುತ್ತಿಲ್ಲ, ಮಾತ್ರೆ ತಪ್ಪದೆ ನುಂಗಿದರೆ ಕೂಡುವುದರಿಂದ ಹೆಂಡತಿಗೆ ಹತ್ತುವುದಿಲ್ಲ, ಕಾಂಡೋಮನ್ನೂ ಬಳಸಿ ಎಂದು ಡಾಕ್ಟರಮ್ಮ ಬಿಡಿಸಿ ಬಿಡಿಸಿ ಹೇಳಿದರು. ನೀವು ತಲೆಯಾಡಿಸಿದಿರಿ. ಮನೆಗೆ ಬಂದು ಗೋಡೆ ಕಡೆ ತಿರುಗಿ ಮಲಗಿದಿರಿ. ಐದು ತಿಂಗಳು! ಕೈ ಮುಟ್ಟಿದರೆ "ಬ್ಯಾಡ ಗಂಗಾ, ನಿನಗ ಏನಾರ ಆದ್ರ?" ಇದು ನನ್ನ ಮೇಲಿನ ಪ್ರೀತಿಯಂತೆ! ನನಗೇನು ಬೇಕೆಂದು ಒಂದು ದಿನವಾದರೂ ಕೇಳಿದಿರಾ? ಡಾಕ್ಟರ ಮಾತು ನಂಬುವುದಿಲ್ಲ, ಹೆಂಡತಿಯ ಮಾತು ಕಿವಿಗೆ ಹಾಕಿಕೊಳ್ಳುವುದಿಲ್ಲ. ನನ್ನ ಮೈಯ ತೀರ್ಮಾನವನ್ನು ನೀವೊಬ್ಬರೇ ಮಾಡಿಕೊಂಡು, ಮೇಲೆ ದೊಡ್ಡ ತ್ಯಾಗಿಯ ಹಾಗೆ ಮುಖ ಮಾಡುತ್ತೀರಲ್ಲ, ಅದಕ್ಕೇ ನನ್ನ ಮೈ ಉರಿಯುತ್ತದೆ. ಇಷ್ಟು ಒಳ್ಳೆಯ ಮನುಷ್ಯ ಇಷ್ಟು ಮೊಂಡನಾಗಬಾರದು. ನೀವಿಲ್ಲದೆ ನನಗಿಲ್ಲಿ ಅನ್ನ ಸೇರುತ್ತಿಲ್ಲ.

ಅತ್ತೆಗೆ ನಮಸ್ಕಾರ ತಿಳಿಸಿ. ಹೊತ್ತಿಗೆ ಸರಿಯಾಗಿ ಉಣ್ಣಿ.

ಇನ್ನೂ ನಿಮ್ಮ ಹೆಂಡತಿಯೇ ಆಗಿರುವ
ಗಂಗೋತ್ರಿ

ತಾ.ಕ.: ಅಂಚೆಯವನು ಹೊರಡುತ್ತಿದ್ದಾನೆ, ಬೇಗ ಬರೆಯುತ್ತೇನೆ. ಕರೆಯಲು ನೀವು ಬರುವುದು ಬೇಡ. ಗುರುವಾರ ನಾನೇ ಬರುತ್ತೇನೆ, ಕರೆಯದೆ ಹೋದಳೆಂದು ಊರು ಆಡಿಕೊಳ್ಳಲಿ. ಶುಕ್ರವಾರ ಆಸ್ಪತ್ರೆಗೆ ಹೋಗಬೇಕು, ಕೆಲಸಕ್ಕೆ ರಜೆ ಹಾಕಿ. ನಮ್ಮಂಥವರಿಗೆ ಮಗು ಆಗಬಹುದೇ ಎಂದು ಡಾಕ್ಟರಮ್ಮನಿಗೆ ಫೋನು ಮಾಡಿ ಕೇಳಿದೆ. ಆಗಬಹುದು, ಇಬ್ಬರೂ ಕೂಡಿ ಬನ್ನಿ ಎಂದರು. ನನಗೆ ಬೇಕು. ನಿಮಗೆ ಬೇಡವಾದರೆ ಅಲ್ಲೇ, ನನ್ನ ಮುಖ ನೋಡಿ ಹೇಳಿ.