ಕಿಟಕಿಯೇ ಇಲ್ಲದ ತರಗತಿ

ತಿರುವನಂತಪುರದಲ್ಲಿ ಕುಳಿತು ಕೊಚ್ಚಿಗೆ ಪಾಠ ಕಳುಹಿಸುವ ದೂರಶಿಕ್ಷಣ ವಿಭಾಗದ ಮಾನ್ಯ ನಿರ್ದೇಶಕರೇ,

ದೂರಶಿಕ್ಷಣವನ್ನು ಈ ಭೂಮಿಯ ಮೇಲೆ ಮೊದಲು ಕಂಡುಹಿಡಿದವನು ನಾನು. ಕಾಸರಗೋಡಿನ ಹತ್ತಿರ ನಮ್ಮೂರ ಶಾಲೆಯಲ್ಲಿ ಮಾಸ್ಟ್ರು ನನ್ನನ್ನು ದಿನಾ ಹೊರಗೆ ನಿಲ್ಲಿಸುತ್ತಿದ್ದರು. ಏಳನೇ ಕ್ಲಾಸನ್ನು ನಾನು ಪೂರ್ತಿ ಕಿಟಕಿಯಿಂದಲೇ ಪಾಸಾದೆ. ಆದ್ದರಿಂದ ಈ ವಿಷಯದಲ್ಲಿ ನಾನು ನಿಮಗಿಂತ ಸೀನಿಯರ್. ಆ ಅಧಿಕಾರದಿಂದ ಹೇಳುತ್ತೇನೆ: ನಿಮ್ಮ ತರಗತಿಯಲ್ಲಿ ತಪ್ಪು ಪಾಠ ನಡೆಯುತ್ತಿದೆ, ತಿದ್ದಲು ಅಲ್ಲಿ ಮನುಷ್ಯರೇ ಇಲ್ಲ. ನಾನು ಮಲಯಾಳದಲ್ಲಿ ಬರೆದೆ, ತಂಗಿಯ ಮಗಳು ಅನ್ವಿತಾ ಇಂಗ್ಲಿಷಿನಲ್ಲಿ ಬರೆದಳು. ಪ್ರಯೋಜನವಾಗಲಿಲ್ಲ. ಹಾಗಾಗಿ ಈಗ ಪತ್ರಿಕೆಯಲ್ಲಿ, ನನಗೆ ಚೆನ್ನಾಗಿ ಬೈಯಲು ಬರುವ ಭಾಷೆಯಲ್ಲಿ ಬರೆಯುತ್ತಿದ್ದೇನೆ. ಯಾರಿಂದಾದರೂ ಓದಿಸಿಕೊಳ್ಳಿ.

ಅನ್ವಿತಾ ಪಾಲಾರಿವಟ್ಟಂನ ಒಂದು ಕ್ಲಿನಿಕ್ಕಿನಲ್ಲಿ ಸಹಾಯಕಿ. ಆಪರೇಷನ್ನಿನ ಕತ್ತರಿ, ಚಿಮಟಗಳನ್ನು ಹಬೆಯಲ್ಲಿಟ್ಟು ರೋಗಾಣು ಕೊಲ್ಲುವ ವಿದ್ಯೆಯನ್ನು ನಿಮ್ಮಲ್ಲಿ ಕಲಿಯುತ್ತಿದ್ದಾಳೆ. ನಿಮ್ಮ ವಿಡಿಯೊ ಪಾಠ ಹೇಳುತ್ತದೆ: ಸ್ವಿಚ್ ಹಾಕಿದ ಕ್ಷಣದಿಂದ ಹೊತ್ತು ಲೆಕ್ಕ ಹಿಡಿಯಿರಿ. ನೀವೇ ಅಚ್ಚು ಹಾಕಿಸಿದ ಪುಸ್ತಕ ಹೇಳುತ್ತದೆ: ಒಳಗೆ ಬೇಕಾದ ಕಾವು ಏರಿದ ಮೇಲೆ. ಯಾವುದು ಸರಿ? ಇಡ್ಲಿ ಬೇಯಿಸುವವರು ಕೂಡ ನೀರು ಕುದಿದ ಮೇಲೆ ತಾನೇ ಹೊತ್ತು ನೋಡುವುದು? ಅನ್ವಿತಾ ಪುಸ್ತಕದಂತೆ ಉತ್ತರಿಸಿದಳು. ನಿಮ್ಮ ಕಂಪ್ಯೂಟರ್ ಅವಳನ್ನು ಫೇಲ್ ಮಾಡಿತು. ಪ್ರಶ್ನೆ ಕೇಳಿದಳು. ವಿಡಿಯೊದಲ್ಲಿ ಪಾಠ ಮಾಡುವ ಮಾಸ್ಟ್ರ ನಗುಮುಖದ ಫೋಟೊ ಸಮೇತ ಉತ್ತರ ಬಂತು: “ಪ್ರಶ್ನೆ ತಲುಪಿದೆ. ಶೀಘ್ರವೇ ಉತ್ತರಿಸುತ್ತೇನೆ.” ಮತ್ತೆ ಕೇಳಿದಾಗಲೂ ಅದೇ ನಗು, ಅದೇ ಶೀಘ್ರ. ಒಬ್ಬಳ ಪ್ರಶ್ನೆ ಇನ್ನೊಬ್ಬರಿಗೆ ಕಾಣದ ಹಾಗೆ ಕಟ್ಟಿಟ್ಟಿದ್ದೀರಿ. ತನ್ನ ಬುದ್ಧಿಯೇ ಮಂದವಾಗಿದೆ ಎಂದು ಅವಳು ನಂಬತೊಡಗಿದಳು.

ನೆಟ್‌ವರ್ಕ್ ಚೆನ್ನಾಗಿದೆಯೆಂದು ಅವಳು ಎಡಪ್ಪಳ್ಳಿಯ ಮಾಲಿನಲ್ಲಿ ಕುಳಿತು ಪಾಠ ಕೇಳುವುದು. ಕಾವಲಿಗೆಂದು ನಾನೂ ಹೋಗುತ್ತೇನೆ, ಎ.ಸಿ.ಗಾಗಿ ಅಲ್ಲ. ಒಂದು ಸಂಜೆ ಪಕ್ಕದ ಮೇಜಿನಿಂದ ಅದೇ ಮಾಸ್ಟ್ರ ಸ್ವರ! ಫೋನಿನಲ್ಲಿ ಪಾಠ ಕೇಳುತ್ತಿದ್ದವಳು ಮಂಜೇಶ್ವರದ ಕಡೆಯ ಹುಡುಗಿ, ಹೆಸರು ಜುಬೈದಾ.

“ನಿನಗೂ ಆ ಸ್ವಿಚ್ಚಿನ ಪಾಠವಾ ಮಗಳೇ?” ಎಂದೆ.

“ಅಯ್ಯೋ ಅಂಕಲ್, ನಾನು ಕೇಳಿ ಕೇಳಿ ಸಾಕಾಯ್ತು. ನನ್ನ ತಲೆಯೇ ಕೆಟ್ಟಿದೆ ಅಂದುಕೊಂಡಿದ್ದೆ.”

“ಫೋನಿನಲ್ಲಿ ಒಂದು ಗ್ರೂಪ್ ಮಾಡಿಕೊಳ್ಳಿ ಮಾರಾಯ್ತಿ!”

“ನಮ್ಮ ಬ್ಯಾಚಿನವರು ಸುರುವಿಗೇ ಮಾಡಿದ್ದೆವು. ಪಾಠದ ವಿಷಯ ಹಂಚಿಕೊಂಡರೆ ಪರೀಕ್ಷೆಗೆ ಕೂರಿಸುವುದಿಲ್ಲ ಅಂತ ನೋಟಿಸ್ ಬಂತು. ಎಲ್ಲರೂ ಓಡಿಹೋದರು. ಈಗ ನಾನು ತಪ್ಪನ್ನೇ ಬರೆಯುವುದು. ಪಾಸಾಗಬೇಕಲ್ಲ?”

ಅನ್ವಿತಾ ಮೆಲ್ಲಗೆ ಕೇಳಿದಳು, “ಬರೆದು ಬರೆದು ಕೈಗೂ ಅದೇ ರೂಢಿಯಾದರೆ?”

ಯಾರೂ ನಗಲಿಲ್ಲ. ನಾನು ಕೂಡ.

ಮರುದಿನವೇ ರೈಲು ಹತ್ತಿ ನಿಮ್ಮ ಕಚೇರಿಗೆ ಬಂದೆ. ಮಾಸ್ಟ್ರ ಕೋಣೆಗೆ ಬೀಗ. ಬೀಗಕ್ಕೆ ಜೇಡರ ಬಲೆ. ಗುಮಾಸ್ತ ತಲೆ ಎತ್ತದೆ ಹೇಳಿದ, “ಸಾರ್ ಮರಿಚ್ಚು ಪೋಯಿ, ಚೇಟ್ಟಾ.” ತೀರಿಹೋದರಂತೆ, ಹೋದ ಓಣಂ ಹಬ್ಬಕ್ಕೂ ಮುಂಚೆಯೇ. ಅನ್ವಿತಾಳಿಗೆ ಫೋನು ಮಾಡಿದರೆ ನಾನು ಬಾಯಿ ತೆರೆಯುವ ಮೊದಲೇ ಅವಳೆಂದಳು, “ಮಾವಾ, ಸಾರ್ ಈಗಷ್ಟೇ ಉತ್ತರ ಕಳಿಸಿದರು. ಶೀಘ್ರವೇ ಹೇಳುತ್ತಾರಂತೆ.”

ನಿರ್ದೇಶಕರೇ, ನನ್ನ ಕಿಟಕಿಗೆ ಎರಡು ಕಡೆ ಇತ್ತು. ಮಾಸ್ಟ್ರು ಲೆಕ್ಕ ತಪ್ಪಿದರೆ ನಾನು ಹೊರಗಿನಿಂದ ಕೂಗುತ್ತಿದ್ದೆ, ಒಳಗಿನವರು ಹೋ ಎನ್ನುತ್ತಿದ್ದರು, ಮಾಸ್ಟ್ರು ನನ್ನ ಕಿವಿ ಹಿಂಡಿ ಬೋರ್ಡು ಒರೆಸುತ್ತಿದ್ದರು. ಕಿವಿ ನೋಯುತ್ತಿತ್ತು, ಲೆಕ್ಕ ಸರಿಯಾಗುತ್ತಿತ್ತು. ನೀವೋ ಒಬ್ಬೊಬ್ಬರನ್ನೂ ಒಂದೊಂದು ಕತ್ತಲೆ ಕೋಣೆಯಲ್ಲಿ ಕೂಡಿಹಾಕಿ, ಸತ್ತವರ ಕೈಗೆ ಸೀಮೆಸುಣ್ಣ ಕೊಟ್ಟಿದ್ದೀರಿ.

ಆ ಪಾಠವನ್ನು ಇಂದೇ ತೆಗೆದುಹಾಕಿ. ಉಸಿರಾಡುವ ಒಬ್ಬ ಮಾಸ್ಟ್ರನ್ನು ನೇಮಿಸಿ. ಎಲ್ಲರ ಪ್ರಶ್ನೆ ಎಲ್ಲರಿಗೂ ಕಾಣುವಂತೆ ಬಿಚ್ಚಿಡಿ, ಮಕ್ಕಳು ಮಾತಾಡಿಕೊಳ್ಳಲಿ. ಇಲ್ಲವಾದರೆ ಒಂದು ದಿನ ನೀವೇ ಆಪರೇಷನ್ ಮೇಜಿನ ಮೇಲೆ ಮಲಗಿರುತ್ತೀರಿ. ಟ್ರೇ ಹಿಡಿದು ಒಬ್ಬ ಹುಡುಗಿ ಬರುತ್ತಾಳೆ. ಭಯಪಡಬೇಡಿ. ಅವಳು ನಿಮ್ಮಲ್ಲೇ ಓದಿದವಳು, ಪೂರ್ತಿ ಅಂಕ ಪಡೆದವಳು.

ಇಂತಿ,
ಅನ್ವಿತಾಳ ಶುಲ್ಕ ಕಟ್ಟಿ ಕಳೆದುಕೊಂಡ (ಎಷ್ಟೆಂದು ಕೇಳಬೇಡಿ, ಮನೆಯವಳೂ ಈ ಪತ್ರಿಕೆ ಓದುತ್ತಾಳೆ), ಇನ್ನೂ ಹೊರಗೇ ನಿಂತಿರುವ
ದಾಮೋದರ, ಎರ್ನಾಕುಲಂ